ತೆಂಗಿನಮರವಿಲ್ಲದ ಕಾಗೆಗುಡ್ಡ

ಯಾರ ಮನೆಗೆ ಹೋದರೂ ಆಂಟಿ ಮೊದಲು ಕಲ್ಲು ತಟ್ಟಿ ನೋಡುತ್ತಿದ್ದರು. ಕಾರ್ಮೆಲ್ ವ್ಯಾಲಿಯ ಹೊಸ ಮನೆಗಳಲ್ಲಿ ಬೆಂಕಿಗೂಡಿನ ಸುತ್ತ ಕಲ್ಲು ಕೂರಿಸಿರುತ್ತಾರಲ್ಲ, ಅದರ ಮುಂದೆ ನಿಂತು, ಮಡಚಿದ ಬೆರಳಿನ ಗೆಣ್ಣಿನಿಂದ ಬಾಗಿಲು ಬಡಿದ ಹಾಗೆ ಬಡಿದು, ಕಿವಿ ಹತ್ತಿರ ತಂದು, "ಸಿಮೆಂಟು" ಎನ್ನುತ್ತಿದ್ದರು. ಅದು ಗೃಹಪ್ರವೇಶದ ದಿನವಾದರೂ ಸರಿಯೇ. ಮನೆಯ ಯಜಮಾನರು ಮುಖ ಸಣ್ಣದು ಮಾಡಿಕೊಂಡು, "ಇಲ್ಲ ಆಂಟಿ, ಇದು ರಿಯಲ್ ಸ್ಟೋನ್. ಎಕ್ಸ್‌ಟ್ರಾ ಕೊಟ್ಟು ಅಪ್‌ಗ್ರೇಡ್ ಮಾಡ್ಸಿದ್ವಿ" ಎಂದರೆ, "ಹಾಗಾದ್ರೆ ನಿಮಗೆ ಟೋಪಿ ಹಾಕಿದ್ದಾರೆ ಮಾರಾಯ್ರೆ" ಎಂದು ಹೇಳಿ ಊಟದ ಕಡೆ ನಡೆಯುತ್ತಿದ್ದರು. ಜೊತೆಯಲ್ಲಿ ಹೋಗಿದ್ದ ನಾನು ತಲೆ ತಗ್ಗಿಸಿ ಹಿಂದೆ ಹೋಗುತ್ತಿದ್ದೆ. ಕಾರಿನಲ್ಲಿ ಕೂತ ಮೇಲೆ, "ಯಾಕೆ ಆಂಟಿ, ಪಾಪ, ಇವತ್ತೇ ಹೇಳ್ಬೇಕಿತ್ತಾ?" ಎಂದು ಕೇಳಿದರೆ, "ನಾಳೆ ಹೇಳಿದ್ರೆ ಅದು ಕಲ್ಲಾಗ್ತದಾ?" ಎನ್ನುತ್ತಿದ್ದರು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರು ನರ್ಸ್ ಆಗಿದ್ದವರು. ತಾವು ನೋಡಿಕೊಂಡ ಒಬ್ಬ ರೋಗಿಯ ಹೆಸರನ್ನೂ ಜೀವನದಲ್ಲಿ ಹೊರಗೆ ಹೇಳಿದವರಲ್ಲ. ಅವರ ವಿಷಯ ಬರೆಯುವಾಗ ನಾನು ಅಷ್ಟಾದರೂ ಪಾಲಿಸಬೇಕು.

ನನಗೆ ಅವರ ಪರಿಚಯವಾದದ್ದು ೨೦೨೦ರ ಜೂನ್‌ನಲ್ಲಿ. ದಿನಾಲೂ ಡೈರಿ ಬರೆಯುವ ಅಭ್ಯಾಸ ನನಗೆ ಶಾಲೆಯಿಂದಲೂ ಇರುವುದರಿಂದ ಈ ತಿಂಗಳು ಇಸವಿಗಳನ್ನು ಧೈರ್ಯವಾಗಿ ಹೇಳುತ್ತೇನೆ. ಲಾಸ್ ಏಂಜಲೀಸಿನ ಕಲ್ವರ್ ಸಿಟಿಯಲ್ಲಿದ್ದ ನಮ್ಮ ಆಫೀಸು ಮಾರ್ಚ್‌ನಲ್ಲೇ ಮುಚ್ಚಿತ್ತು. ಮನೆಯಲ್ಲೇ ಕೂತು ಮಾಡುವ ಕೆಲಸಕ್ಕೆ ಅಲ್ಲಿನ ಬಾಡಿಗೆ ಯಾಕೆ ಕಟ್ಟಬೇಕು ಎಂದು ಯೋಚಿಸುತ್ತಿದ್ದಾಗ, ಸ್ಯಾನ್ ಡಿಯೇಗೋ ಕನ್ನಡದವರ ವಾಟ್ಸ್ಯಾಪ್ ಗುಂಪಿನಲ್ಲಿ ಒಂದು ಕೋಣೆ ಖಾಲಿ ಇದೆ ಎಂದು ಕಂಡಿತು. ಫೋನ್ ಮಾಡಿದೆ. ಆ ಕಡೆಯಿಂದ ಮೂರು ಪ್ರಶ್ನೆ ಬಂದವು. "ಮಾಸ್ಕ್ ಹಾಕ್ತೀಯಾ? ಅಡುಗೆಮನೆ ಒರೆಸ್ತೀಯಾ? ಕನ್ನಡ ಟೈಪ್ ಮಾಡ್ಲಿಕ್ಕೆ ಬರ್ತದಾ?" ಮೂರಕ್ಕೂ ಹೌದೆಂದೆ. "ಮೊದಲಿನ ಎರಡು ಬಾರದಿದ್ರೆ ಕಲಿಸ್ತಿದ್ದೆ" ಎಂದರು. ಮೂರನೆಯದಕ್ಕಾಗಿಯೇ ಅವರು ಅಷ್ಟು ದಿನದಿಂದ ಕಾಯುತ್ತಿದ್ದರೆಂದು ನನಗೆ ತಿಳಿದದ್ದು ಸಾಮಾನು ಇಳಿಸಿದ ಮೇಲೆ.

ಕ್ಲೇರ್‌ಮಾಂಟ್‌ನಲ್ಲಿ ಅವರದು ಹಳೆಯ ಚಿಕ್ಕ ಮನೆ. ಹಿಂದುಗಡೆ ಇಳಿಜಾರು, ಅದರ ಕೆಳಗೆ ಒಣಗಿದ ಹಳ್ಳ. ಗಂಡ ಟೆಲಿಕಾಂ ಎಂಜಿನಿಯರ್ ಆಗಿದ್ದವರು, ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಮಗಳು ಬೇರೆ ರಾಜ್ಯದಲ್ಲಿದ್ದಳು. ಭಾನುವಾರ ಫೋನ್ ಮಾಡಿ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದಳು, ಇವರು ಕನ್ನಡದಲ್ಲಿ ಉತ್ತರ ಕೊಡುತ್ತಿದ್ದರು, ಇಬ್ಬರಿಗೂ ಯಾವ ತೊಂದರೆಯೂ ಇರಲಿಲ್ಲ. ಆಂಟಿ ಉಡುಪಿ ಪೇಟೆಯವರು. ಚಿಕ್ಕ ವಯಸ್ಸಿನಲ್ಲಿ ನರ್ಸಿಂಗ್ ಓದಿ ಇಂಗ್ಲೆಂಡಿಗೆ ಹೋಗಿ, ಅಲ್ಲಿನ ಒಂದು ಹಳ್ಳಿಯಲ್ಲಿ ಮನೆಮನೆಗೆ ಹೋಗಿ ನೋಡುವ ನರ್ಸ್ ಆಗಿ ಕೆಲಸ ಮಾಡಿದ್ದರು. ಆಮೇಲೆ ಮದುವೆ, ಅಮೆರಿಕ, ಇಲ್ಲಿನ ಆಸ್ಪತ್ರೆ, ನಿವೃತ್ತಿ. ಇದನ್ನೆಲ್ಲ ಅವರು ಒಂದೇ ಉಸಿರಿಗೆ ಹೇಳಿ ಮುಗಿಸಿಬಿಡುತ್ತಿದ್ದರು. ಅವರಿಗೆ ಹೇಳಬೇಕಾಗಿದ್ದದ್ದು ಆ ಹಳ್ಳಿಯ ಕಲ್ಲಿನ ವಿಷಯ.

ಆ ಹಳ್ಳಿಯ ಸುತ್ತಲ ಹೊಲಗಳ ಅಡಿಯಲ್ಲಿ ಸುಣ್ಣಕಲ್ಲಿನ ಒಂದು ಪದರವಿತ್ತು. ಆ ಕಲ್ಲನ್ನು ತೆಳ್ಳಗೆ ಸೀಳಿ ಮನೆಗಳ ಛಾವಣಿಗೆ ಹೊದಿಸುತ್ತಿದ್ದರು. ಎಷ್ಟೋ ತಲೆಮಾರು ನಡೆದ ಕೆಲಸ. ಆಂಟಿ ಅಲ್ಲಿಗೆ ಹೋಗುವ ಹೊತ್ತಿಗೆ ಕೋರೆಗಳು ಹೆಚ್ಚುಕಮ್ಮಿ ಮುಚ್ಚಿಹೋಗಿದ್ದವು. ಅಲ್ಲಿ ದುಡಿದ ಮುದುಕರು ಮಾತ್ರ ಉಳಿದಿದ್ದರು, ಅವರಲ್ಲಿ ಅನೇಕರ ಕಾಲಿನಲ್ಲಿ ಮಾಯದ ಹುಣ್ಣು. ಕಾಲಿನ ಹುಣ್ಣಿನ ಡ್ರೆಸ್ಸಿಂಗ್ ಬೇಗ ಮುಗಿಯುವ ಕೆಲಸವಲ್ಲ. ಹಳೆಯ ಪಟ್ಟಿಯನ್ನು ನೆನೆಸಿ ಬಿಡಿಸಬೇಕು, ತೊಳೆಯಬೇಕು, ಒಣಗಲು ಬಿಡಬೇಕು, ಬೆರಳಿನ ಬುಡದಿಂದ ಮೊಣಕಾಲಿನವರೆಗೆ ಹೊಸ ಪಟ್ಟಿ ಸುತ್ತಬೇಕು. "ಅಷ್ಟು ಹೊತ್ತು ಒಬ್ಬ ಗಂಡಸಿನ ಕಾಲು ನನ್ನ ಮಡಿಲಲ್ಲಿ. ಅವನು ಎಂತ ಮಾಡ್ತಾನೆ? ಒಂದೋ ನನ್ನ ಬಣ್ಣದ ವಿಷಯ ಮಾತಾಡ್ಬೇಕು, ಇಲ್ಲ ಕಲ್ಲಿನ ವಿಷಯ. ಮೊದಲನೆಯದು ಬೇಡ, ಎರಡನೆಯದು ಹೇಳಿ ಅಂತ ನಾನೇ ಹೇಳಿದೆ." ಹೀಗೆ ಶುರುವಾದದ್ದು. ಒಬ್ಬ ಹೇಳಿದ್ದನ್ನು ಇನ್ನೊಬ್ಬನ ಹತ್ತಿರ ಕೇಳುವುದು, ಇಬ್ಬರದೂ ತಾಳೆಯಾಗದಿದ್ದರೆ ಮೂರನೆಯವನ ಪಟ್ಟಿ ಬಿಚ್ಚುವಾಗ ಕೇಳುವುದು. ರಾತ್ರಿ ಮನೆಗೆ ಹೋಗಿ ಕನ್ನಡದಲ್ಲಿ ಬರೆದಿಡುವುದು. ಕನ್ನಡದಲ್ಲಿ ಯಾಕೆಂದರೆ, ಇಂಗ್ಲಿಷಿನಲ್ಲಿ ಬರೆದದ್ದು ಯಾರ ಕಣ್ಣಿಗಾದರೂ ಬಿದ್ದರೆ ರೋಗಿಗಳ ಮಾತು ಬರೆದಳೆಂದು ಕೆಲಸದಿಂದ ತೆಗೆಯುತ್ತಿದ್ದರು.

ಇದು ಅವರು ಹೇಳುತ್ತಿದ್ದ ಮೊದಲ ಕಾರಣ. ಎರಡನೆಯ ಕಾರಣವನ್ನು ಹೇಳಬೇಕಾದರೆ ಎದ್ದು ನಿಲ್ಲುತ್ತಿದ್ದರು. "ನಮ್ಮ ಜಿಲ್ಲೆಗೆ ಬಂದು ಗೆಜೆಟಿಯರ್ ಬರೆದ್ರಲ್ಲ ಅವರು. ಯಾವ ಜಾತಿ ಎಷ್ಟು, ಯಾವ ಕಲ್ಲು ಎಲ್ಲಿ, ಹೆಂಗಸರು ಎಂತ ಉಡ್ತಾರೆ, ಎಲ್ಲ. ಯಾರಾದ್ರೂ ಕರೆದಿದ್ರಾ? ನಮ್ಮನ್ನು ಕೇಳಿ ಬರೆದ್ರಾ? ನಮ್ಮ ಭಾಷೆಯಲ್ಲಿ ಬರೆದ್ರಾ? ಅವರ ಒಂದು ಹಳ್ಳಿಯ ಗೆಜೆಟಿಯರ್ ಕನ್ನಡದಲ್ಲಿ ಇರ್ಲಿ. ಯಾರು ಓದ್ತಾರೆ ಅಂತ ನನ್ನನ್ನು ಕೇಳ್ಬೇಡ. ಅವರನ್ನು ಯಾರೂ ಕೇಳ್ಲಿಲ್ಲ."

ಬರೆಯುವುದರಲ್ಲಿಯೂ ಅದೇ ಹಟ. ಊರಿನ ಹೆಸರುಗಳನ್ನೆಲ್ಲ ಕನ್ನಡ ಮಾಡಿದ್ದರು. ಕಾಗೆಗುಡ್ಡ, ಮೇಲಿನ ಗುಂಡಿ, ಪಾದ್ರಿಗದ್ದೆ. "ನಮ್ಮ ಊರಿನ ಹೆಸರನ್ನೆಲ್ಲ ಅವರ ಬಾಯಿಗೆ ಬೇಕಾದ ಹಾಗೆ ಮಾಡ್ಲಿಲ್ವಾ?" ಜನರಿಗೆ ಹೆಸರೇ ಇರಲಿಲ್ಲ, ರೋಗಿಗಳ ಹೆಸರು ಹೇಳಬಾರದಲ್ಲ. ಹಾಗಾಗಿ ಹೊಸಮನೆ ಅಜ್ಜ, ಬಾವಿಕಟ್ಟೆ ಅಜ್ಜ, ಕೊನೆಮನೆ ತಮ್ಮ. ಹಾಳೆಯ ಮೇಲೆ ಓದಿದರೆ ಆ ಇಂಗ್ಲಿಷ್ ಮುದುಕರೆಲ್ಲ ಪಂಚೆಯುಟ್ಟು ಎಲೆಯಡಿಕೆ ಹಾಕಿಕೊಂಡ ಹಾಗೆ ಕಾಣುತ್ತಿದ್ದರು. ನನಗೆ ಅದು ತಮಾಷೆಯಾಗಿತ್ತು. ಮುಂದೆ ಅದರಿಂದ ಏನಾಗುತ್ತದೆಂದು ನಮಗಿಬ್ಬರಿಗೂ ಹೊಳೆಯಲಿಲ್ಲ.

ಸಂಜೆ ನನ್ನ ಮೀಟಿಂಗುಗಳು ಮುಗಿದ ಮೇಲೆ ಅವರು ಹೇಳುವುದು, ನಾನು ಟೈಪ್ ಮಾಡುವುದು. ನನಗೆ ಇಸವಿ ಬೇಕು. ಅವರಿಗೆ ಇಸವಿ ಎಂದರೆ ಅಸಡ್ಡೆ. "ಮೇಲಿನ ಗುಂಡಿ ಮುಚ್ಚಿದ್ದು ಯಾವಾಗ ಆಂಟಿ?" ಎಂದರೆ, "ಹೊಸಮನೆ ಅಜ್ಜನ ಎಡಗಾಲು ವಾಸಿಯಾಗಿತ್ತು, ಬಲಗಾಲು ಆಗಿರ್ಲಿಲ್ಲ" ಎನ್ನುತ್ತಿದ್ದರು. ನಾನು ಹುಣ್ಣುಗಳನ್ನು ಪಕ್ಕಪಕ್ಕ ಬರೆದುಕೊಂಡು ವರ್ಷ ಲೆಕ್ಕ ಹಾಕುತ್ತಿದ್ದೆ. "ಲೆಕ್ಕದ ಹುಡುಗಿ" ಎಂದು ಹೆಸರಿಟ್ಟರು. ಕೋಪ ಬಂದಾಗ "ಲೆಕ್ಕದ ಮಾರಾಯ್ತಿ".

ಒಂದು ದಿನ ಗುಂಡಿಯೊಳಗೆ ಹೇಗೆ ಕೆಲಸ ಮಾಡುತ್ತಿದ್ದರು ಎಂಬುದು ನನಗೆ ಅರ್ಥವಾಗಲಿಲ್ಲ. ಎರಡು ಸಲ ಹೇಳಿದರು. ಮೂರನೆಯ ಸಲಕ್ಕೆ ಸೋಫಾದ ಮುಂದಿದ್ದ ಕಾಫಿ ಮೇಜಿನ ಹತ್ತಿರ ಹೋಗಿ, ಎಪ್ಪತ್ತು ದಾಟಿದ ಹೆಂಗಸು, ಕಾರ್ಪೆಟ್ಟಿನ ಮೇಲೆ ಒಂದು ಮಗ್ಗುಲಿಗೆ ಮಲಗಿ, ಮೇಜಿನ ಅಡಿಗೆ ತೂರಿಕೊಂಡರು. "ಈ ಮೇಜು ಕಲ್ಲು. ನಾನು ಕೊನೆಮನೆ ತಮ್ಮ. ಒಂದು ಚಮಚ ಕೊಡು." ಕೊಟ್ಟೆ. ಕಲ್ಲಿನ ಅಡಿಯ ಮರಳನ್ನು ಹೀಗೆ ಮಲಗಿಕೊಂಡೇ ಕೆರೆದು ತೆಗೆಯುತ್ತ ಹೋಗಬೇಕು, ಮೋಂಬತ್ತಿ ಬೆಳಕಿನಲ್ಲಿ. ಮೇಲಿನದು ಬೀಳದ ಹಾಗೆ ಅಲ್ಲಲ್ಲಿ ಚಿಕ್ಕ ಕಲ್ಲುಗಳ ಕಂಬ ನಿಲ್ಲಿಸಬೇಕು. ಅಡಿಯೆಲ್ಲ ಖಾಲಿಯಾದ ಮೇಲೆ ಆ ಕಂಬಗಳನ್ನು ಒಂದೊಂದೇ ತಟ್ಟಿ ಬೀಳಿಸುತ್ತ ಹಿಂದಕ್ಕೆ ತೆವಳಬೇಕು. ಆಗ ಕಲ್ಲು ತಾನಾಗಿ ಕೆಳಗೆ ಇಳಿಯುತ್ತದೆ. ಇಳಿಯುವ ಮೊದಲು ಲಟಲಟ ಎನ್ನುತ್ತದೆ. "ಕಲ್ಲು ಮಾತಾಡ್ಲಿಕ್ಕೆ ಶುರುಮಾಡಿತು ಅಂತ ಹೇಳ್ತಿದ್ರು. ತಮ್ಮನಿಗೆ ಕಿವಿ ಸ್ವಲ್ಪ ಮಂದ." ಮೇಜಿನ ಕೆಳಗಿಂದ ಅವರ ಬಲಗೈ ಹೊರಗೆ ಬಂತು. ಕಿರುಬೆರಳು, ಉಂಗುರದ ಬೆರಳು ಎರಡನ್ನೂ ಮಡಚಿ ಹಿಡಿದಿದ್ದರು. "ಇಷ್ಟು ಉಳಿಯಿತು" ಎಂದರು.

೨೦೨೧ರ ಕೊನೆಗೆ ನಾನು ಕಲ್ವರ್ ಸಿಟಿಗೆ ವಾಪಸ್ಸಾದೆ. ಶನಿವಾರ ಬೆಳಿಗ್ಗೆ ಬೇಗ ಹೊರಟು ಸ್ಯಾನ್ ಡಿಯೇಗೋಗೆ ಬಂದು, ಭಾನುವಾರ ಸಂಜೆ ಟ್ರಾಫಿಕ್ಕಿಗೆ ಶಾಪ ಹಾಕುತ್ತ ಹಿಂದಿರುಗುತ್ತಿದ್ದೆ. ಕಲ್ಲಿನ ಇತಿಹಾಸ ಆ ಚಳಿಗಾಲದಲ್ಲಿ ಮುಗಿಯಿತು. ಮುಗಿದದ್ದೇ ಆಂಟಿ ಅದರ ಒಂದು ಅಧ್ಯಾಯವನ್ನು ಇಲ್ಲಿನ ಕನ್ನಡ ಕೂಟದ ಯುಗಾದಿ ಸಂಚಿಕೆಗೆ ಕಳಿಸಿದರು. ಕೊರೋನಾ ಆದ ಮೇಲೆ ಮೊದಲ ಸಲ ಅಚ್ಚಾಗಿ ಬರುತ್ತಿದ್ದ ಸಂಚಿಕೆ. ಸಂಪಾದಕರು ಬೆಂಗಳೂರಿನ ಕಡೆಯ ಒಬ್ಬ ಎಂಜಿನಿಯರ್, ಒಳ್ಳೆಯವರು, ಆಫೀಸು ಮುಗಿಸಿ ಮಕ್ಕಳನ್ನು ಈಜಿಗೆ ಬಿಟ್ಟು ಕಾರಿನಲ್ಲಿ ಕೂತು ಲೇಖನ ತಿದ್ದುವವರು.

ಸಂಚಿಕೆ ಕೈಗೆ ಬಂದದ್ದು ಹಬ್ಬದ ಕಾರ್ಯಕ್ರಮದ ದಿನ, ಒಂದು ಹೈಸ್ಕೂಲಿನ ಸಭಾಂಗಣದಲ್ಲಿ. ಆಂಟಿ ಪುಟ ತಿರುವಿದರು. ನಿಂತರು. ನನ್ನ ಕೈಗೆ ಕೊಟ್ಟರು. ಅವರ ಲೇಖನದ ಮೇಲೆ "ನನ್ನೂರಿನ ಕಲ್ಲು, ನನ್ನೂರಿನ ನೆನಪು" ಎಂಬ ತಲೆಬರಹ. ಪಕ್ಕದಲ್ಲಿ ಕೆಂಪುಕಲ್ಲಿನ ಕೋರೆಯ ಒಂದು ಬಣ್ಣದ ಚಿತ್ರ. ಅದರ ಸುತ್ತ ತೆಂಗಿನಮರಗಳು. ಇದು ಇಂಗ್ಲೆಂಡಿನ ಹಳ್ಳಿ ಎಂದು ಹೇಳುತ್ತಿದ್ದ ಪೀಠಿಕೆ ಇಲ್ಲ. ಚಳಿಗಾಲದ ಹಿಮದ ವಿಷಯ ಒಂದು ಪ್ಯಾರಾ ಇತ್ತು, ಅದೂ ಇಲ್ಲ.

ಸಂಪಾದಕರು ಅಲ್ಲೇ ಹಾರ ತುರಾಯಿ ಹಿಡಿದು ಓಡಾಡುತ್ತಿದ್ದರು. ಆಂಟಿ ಅವರನ್ನು ತಡೆದರು.

"ಇದು ಯಾವ ಊರು ಮಾರಾಯ್ರೆ?"

"ನಿಮ್ಮೂರೇ ಅಲ್ವಾ ಆಂಟಿ? ಕಾರ್ಕಳ ಕಡೆ ಅಂತ ಅನ್ಕೊಂಡೆ. ತುಂಬಾ ಚೆನ್ನಾಗಿದೆ, ಎಲ್ಲರೂ ಹೇಳ್ತಿದ್ದಾರೆ."

"ನನ್ನ ಊರು ಉಡುಪಿ ಪೇಟೆ. ಮನೆ ಎದುರು ಬಸ್ ಸ್ಟ್ಯಾಂಡ್ ಇದ್ದದ್ದು. ಕಲ್ಲು ಎಲ್ಲಿ ಉಂಟು ಅಲ್ಲಿ? ಪೀಠಿಕೆ ಎಂತ ಮಾಡಿದ್ರಿ?"

"ಪೇಜ್ ಜಾಸ್ತಿ ಆಗ್ತಿತ್ತು ಆಂಟಿ, ಟ್ರಿಮ್ ಮಾಡ್ದೆ. ಓದದೇ ಟ್ರಿಮ್ ಮಾಡಿದ್ದು ತಪ್ಪೇ."

"ಹಿಮ?"

"ಅದು... ನಮ್ಮ ಕಡೆ ಹಿಮ ಎಲ್ಲಿಂದ ಬರುತ್ತೆ, ಟೈಪಿಂಗ್ ಮಿಸ್ಟೇಕ್ ಇರ್ಬೇಕು ಅಂತ ತೆಗೆದೆ. ಸಾರಿ ಆಂಟಿ. ಈಗ ಬಿಡಿ, ಎಲ್ಲರಿಗೂ ಇಷ್ಟ ಆಗಿದೆಯಲ್ಲ?"

ಅದು ನಿಜವೇ ಆಗಿತ್ತು. ಊಟದ ಕ್ಯೂನಲ್ಲಿ ನಿಂತವರು ಒಬ್ಬೊಬ್ಬರೇ ಬಂದು ಹೊಗಳಿದರು. ಕಣ್ಣಲ್ಲಿ ನೀರು ಬಂತು ಎಂದರು. ಹೊಸಮನೆ ಅಜ್ಜ ಥೇಟ್ ತಮ್ಮ ಅಜ್ಜನ ಹಾಗೇ ಎಂದರು. ಕಾರ್ಲ್ಸ್‌ಬಾಡ್‌ನಲ್ಲಿ ಅಂಗಡಿ ಇಟ್ಟಿರುವ, ಮಂಗಳೂರು ಕಡೆಯ ಒಬ್ಬ ಅಂಕಲ್ ಎರಡೂ ಕೈ ಹಿಡಿದುಕೊಂಡು, "ನಿಮ್ಮ ಕಾಗೆಗುಡ್ಡ ನನಗೆ ಗೊತ್ತುಂಟು. ಸಣ್ಣವನಿದ್ದಾಗ ಹೋಗಿದ್ದೇನೆ" ಎಂದರು.

"ಹೌದಾ? ಪಾಸ್‌ಪೋರ್ಟ್ ಇತ್ತಾ?" ಎಂದರು ಆಂಟಿ. ಅವರು ಅದನ್ನು ತಮಾಷೆಯೆಂದು ತಿಳಿದು ಜೋರಾಗಿ ನಕ್ಕರು.

ಸ್ಟೇಜಿನ ಮೇಲೆ ಎರಡು ನಿಮಿಷ ಕೊಡಿ, ತಿದ್ದುಪಡಿ ಹೇಳಿಬಿಡುತ್ತೇನೆ ಎಂದು ಆಂಟಿ ಸಂಪಾದಕರನ್ನು ಕೇಳಿದರು. ಪ್ರೋಗ್ರಾಂ ಟೈಟ್ ಇದೆ ಎಂದರು. ಮುಂದಿನ ಸಂಚಿಕೆಯಲ್ಲಿ ತಪ್ಪೊಪ್ಪಿಗೆಯನ್ನೂ ಬಿಟ್ಟುಹೋದ ಪ್ಯಾರಾವನ್ನೂ ಹಾಕುತ್ತೇವೆ ಎಂದರು. ಆಂಟಿ ಸರಿ ಎಂದು ತಲೆಯಾಡಿಸಿ, ಸೀದಾ ಮೆಟ್ಟಿಲು ಹತ್ತಿ ಸ್ಟೇಜಿನ ಮಧ್ಯೆ ನಿಂತರು. ಅದೇ ಹೊತ್ತಿಗೆ ಮಕ್ಕಳ ಕೋಲಾಟದ ಹಾಡು ಶುರುವಾಯಿತು. ಎಂಟು ಹತ್ತು ವರ್ಷದ ಹುಡುಗಿಯರು ಲಂಗ ಕುಣಿಸುತ್ತ ಒಳಗೆ ಬಂದವರು, ನಡುವೆ ನಿಂತ ಅಜ್ಜಿಯನ್ನು ನೋಡಿ ಒಂದು ಕ್ಷಣ ಗಲಿಬಿಲಿಗೊಂಡು, ಆಮೇಲೆ ಅವರ ಸುತ್ತಲೇ ಕೋಲು ಬಡಿಯತೊಡಗಿದರು. ಆಂಟಿ ಇಳಿಯಲಿಲ್ಲ. ಹೇಳಬೇಕಾದ್ದನ್ನು ಪೂರ್ತಿ ಹೇಳಿದರು. ಅವರ ಬಾಯಿ ಆಡುವುದು ಕಂಡಿತು, ಒಂದು ಮಾತೂ ಕೇಳಿಸಲಿಲ್ಲ. ಜನ ಚಪ್ಪಾಳೆ ತಟ್ಟಿದರು. ಅದೂ ಡಾನ್ಸಿನ ಭಾಗವೆಂದುಕೊಂಡಿದ್ದರು.

ಮುಂದಿನ ಸಂಚಿಕೆ ದೀಪಾವಳಿಗೆ ಬಂತು. ತಪ್ಪೊಪ್ಪಿಗೆ ಇರಲಿಲ್ಲ, ಪ್ಯಾರಾ ಇರಲಿಲ್ಲ. ಜಾಗ ಸಾಲಲಿಲ್ಲ ಎಂದರು. ನಾನು ಸಮಾಧಾನ ಹೇಳಲು ಹೋದೆ. "ಹೋಗ್ಲಿ ಬಿಡಿ ಆಂಟಿ. ಜನಕ್ಕೆ ಕಥೆ ಮುಟ್ಟಿತಲ್ಲ, ಊರು ಯಾವುದಾದ್ರೆ ಏನು?"

ಅವರು ನನ್ನ ಕಡೆ ನೋಡಿದ ನೋಟ ಈಗಲೂ ನೆನಪಿದೆ. "ತಮ್ಮನ ಬೆರಳು ಹೋದದ್ದು ಆ ಗುಂಡಿಯಲ್ಲಿ. ಆ ಕೈಯನ್ನು ನಾನು ತೊಳೆದಿದ್ದೇನೆ. ಅದರ ಪಕ್ಕ ತೆಂಗಿನಮರ ನೆಟ್ರೆ ಬೆರಳು ಯಾರದ್ದಾಯ್ತು? ನಾಳೆ ಇವರು ಅಳುವುದು ತಮಗೋಸ್ಕರ. ಅವನಿಗೋಸ್ಕರ ಅಲ್ಲ." ಸಂಚಿಕೆಯನ್ನು ಮಡಚಿ ಮೇಜಿನ ಮೇಲಿಟ್ಟು, "ಇದನ್ನೇ ಅಲ್ವಾ ಅವರು ನಮಗೆ ಮಾಡಿದ್ದು? ನಮ್ಮದನ್ನು ನೋಡಿ ತಮಗೆ ಬೇಕಾದ್ದನ್ನು ಬರೆದ್ರು. ನಾನು ಅದನ್ನೇ ಮಾಡಿದ ಹಾಗಾಯ್ತಲ್ಲ, ನನ್ನ ಹೆಸರಲ್ಲಿ" ಎಂದರು.

ಮಾರನೆಯ ಶನಿವಾರ ನಾನು ಬಂದಾಗ ಅಡುಗೆಮನೆಯ ಮೇಜಿನ ಮೇಲೆ ಅಂಗೈಯಗಲದ ಚೀಟಿಗಳ ಕಟ್ಟು, ಒಂದು ಗೋಂದಿನ ಬಾಟಲಿ. ಚೀಟಿಯ ಮೇಲೆ ಹೀಗಿತ್ತು: "ಈ ಲೇಖನದ ಊರು ಇಂಗ್ಲೆಂಡಿನಲ್ಲಿದೆ. ಚಿತ್ರದಲ್ಲಿರುವ ಮರಗಳು ಅಲ್ಲಿಲ್ಲ. ಲೇಖಕಿ ಉಡುಪಿ ಪೇಟೆಯವರು. ಪೀಠಿಕೆಯನ್ನೂ ಹಿಮದ ವಿಷಯವನ್ನೂ ಲೇಖಕಿಯನ್ನು ಕೇಳದೆ ತೆಗೆದಿದ್ದಾರೆ." ಸಂಚಿಕೆ ತೆಗೆದುಕೊಂಡವರ ವಿಳಾಸ ನನ್ನಿಂದಲೇ ಕಲೆಹಾಕಿಸಿದರು. "ನೀನು ಡ್ರೈವ್ ಮಾಡು. ನಾನು ಅಂಟಿಸ್ತೇನೆ."

ಹೀಗೆ ಶುರುವಾಯಿತು ನಮ್ಮ ತಿರುಗಾಟ. ೨೦೨೨ರ ನವೆಂಬರಿನಿಂದ ಮುಂದಿನ ಬೇಸಿಗೆಯವರೆಗೆ, ಶನಿವಾರ ಶನಿವಾರ, ಪೋವೇ, ಮಿರಾ ಮೇಸಾ, ಕಾರ್ಮೆಲ್ ವ್ಯಾಲಿ, ಒಮ್ಮೆ ಇರ್ವೈನ್. ಹೇಳದೆ ಕೇಳದೆ ಹೋಗುವುದು. ಅವರು ನರ್ಸಿನ ನಡಿಗೆಯಲ್ಲಿ ಬಾಗಿಲಿಗೆ ಹೋಗಿ, ಬೆಲ್ ಒತ್ತಿ, ಒಂದು ಹೆಜ್ಜೆ ಹಿಂದೆ ನಿಂತು ಕಾಯುತ್ತಿದ್ದರು. ಒಬ್ಬ ಹುಡುಗ ಬಾಗಿಲು ತೆರೆದು ನೋಡಿ, ಒಳಗೆ ಮುಖ ಮಾಡಿ, "ಮಾಮ್, ದೇರ್ ಈಸ್ ಆನ್ ಆಂಟಿ ವಿತ್ ಗ್ಲೂ" ಎಂದು ಕೂಗಿದ. ಕೆಲವರು ಸಂಚಿಕೆ ಹುಡುಕಲು ಗ್ಯಾರೇಜಿಗೆ ಹೋದರು. ಕೆಲವರು ರೀಸೈಕಲ್ ಡಬ್ಬಿಗೆ ಹಾಕಿಬಿಟ್ಟಿದ್ದೇವೆಂದು ನಾಚಿಕೊಂಡರು. "ಒಳ್ಳೇದಾಯ್ತು, ಒಂದು ಸುಳ್ಳು ಕಮ್ಮಿ" ಎಂದು ಆಂಟಿ ಅವರನ್ನು ಹೊಗಳಿದರು. ಒಂದು ಮನೆಯಲ್ಲಿ ಅದು ಮನಿಪ್ಲಾಂಟ್ ಕುಂಡದ ಅಡಿಯಲ್ಲಿತ್ತು. ಅದನ್ನು ಒರೆಸಿ, ಒಣಗಿಸಿ, ಅಂಟಿಸಿ, ಮತ್ತೆ ಕುಂಡದ ಅಡಿಯಲ್ಲೇ ಇಟ್ಟು ಬಂದರು. ಚೀಟಿ ಅಂಟಿಸಿ ಅದರ ಮೇಲೆ ಹೆಬ್ಬೆರಳನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಎಳೆಯುವುದಿತ್ತಲ್ಲ, ಅದು ಪಟ್ಟಿ ಅಂಟಿಸುವವರ ಕೈ.

ಎಲ್ಲರೂ ಖುಷಿಯಿಂದ ಅಂಟಿಸಿಕೊಳ್ಳಲಿಲ್ಲ. ಕೂಟದಲ್ಲಿ ಮಾತಾಯಿತು. ಆಂಟಿಗೆ ವಯಸ್ಸಾಯಿತು ಎಂದರು. ಇಷ್ಟು ಚಿಕ್ಕ ವಿಷಯಕ್ಕೆ ಸಂಪಾದಕರ ಮರ್ಯಾದೆ ತೆಗೆಯಬಾರದಿತ್ತು ಎಂದರು. ನನಗೂ ಒಬ್ಬರು ಫೋನ್ ಮಾಡಿ, "ನೀನಾದ್ರೂ ಹೇಳಮ್ಮ" ಎಂದರು. ಹೇಳಿದೆ. "ಚಿಕ್ಕ ವಿಷಯ ಆದ್ರೆ ಅವರೇ ಯಾಕೆ ಸರಿಮಾಡ್ಲಿಲ್ಲ?" ಎಂದು ಆಂಟಿ ಸೀಟ್ ಬೆಲ್ಟ್ ಹಾಕಿಕೊಂಡರು.

ಕಾರ್ಲ್ಸ್‌ಬಾಡ್ ಅಂಕಲ್ ಮನೆಯನ್ನು ಅವರು ಕೊನೆಗೆ ಉಳಿಸಿಕೊಂಡಿದ್ದರು. ಅಲ್ಲಿಗೆ ಹೋದದ್ದು ೨೦೨೩ರ ಜೂನ್‌ನಲ್ಲಿ. ಸಮುದ್ರದ ಕಡೆಯಿಂದ ಬಂದ ಮೋಡ ಮಧ್ಯಾಹ್ನವಾದರೂ ಕರಗಿರಲಿಲ್ಲ. ಅಂಕಲ್ ಬಾಗಿಲು ತೆರೆದರು, ಗೋಂದು ನೋಡಿದರು, ನಗು ನಿಂತಿತು. ವಿಷಯ ಅವರಿಗೂ ಮುಟ್ಟಿತ್ತು.

"ಬನ್ನಿ, ಕಾಫಿ ಕುಡಿದು ಹೋಗಿ. ಚೀಟಿ ಬೇಡ."

"ಕಾಫಿ ಬೇಡ. ಚೀಟಿ ಅಂಟಿಸಿ ಹೋಗ್ತೇನೆ."

"ಆಂಟಿ, ದಮ್ಮಯ್ಯ, ಕೇಳಿ" ಎಂದು ಅಂಕಲ್ ಸ್ವರ ತಗ್ಗಿಸಿದರು. "ಒಳಗೆ ಅಮ್ಮ ಇದ್ದಾರೆ. ಎರಡು ವರ್ಷ ಸರಿಯಾಗಿ ಮಾತೇ ಇರ್ಲಿಲ್ಲ ಅವರಿಗೆ. ಈ ಲೇಖನ ಓದಿ ಹೇಳಿದೆ ನೋಡಿ, ಅವತ್ತಿಂದ ಮಾತಾಡ್ಲಿಕ್ಕೆ ಶುರುಮಾಡಿದ್ರು. ಅವರ ಅಪ್ಪ ಕೆಂಪುಕಲ್ಲಿನ ಕೋರೆಯಲ್ಲಿ ಇದ್ದವರು. ದಿನಾ ಓದಿಸ್ತಾರೆ. ಈಗ ಇದು ಇಂಗ್ಲೆಂಡು, ನಮ್ಮ ಊರಲ್ಲ ಅಂತ ನಾನು ಹೇಗೆ ಹೇಳುವುದು? ನೀವೇ ಹೇಳಿ. ನೀವು ನರ್ಸ್ ಅಲ್ವಾ?"

ಆಂಟಿ ಮೊದಲ ಸಲ ತಡವರಿಸಿದ್ದನ್ನು ನಾನು ಕಂಡೆ. ಗೋಂದಿನ ಬಾಟಲಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ತೆಗೆದುಕೊಂಡರು. ವಾಪಸ್ ಹೋಗೋಣ ಎನ್ನುತ್ತಾರೆಂದುಕೊಂಡೆ. "ಅಮ್ಮನನ್ನು ನೋಡ್ತೇನೆ" ಎಂದು ಚಪ್ಪಲಿ ಬಿಟ್ಟು ಒಳಗೆ ನಡೆದರು.

ಕಿಟಕಿಯ ಪಕ್ಕ ಕುರ್ಚಿಯಲ್ಲಿ ಅಜ್ಜಿ ಕೂತಿದ್ದರು. ತೊಡೆಯ ಮೇಲೆ ಸಂಚಿಕೆ. ಆಂಟಿ ಅವರ ಎದುರು ನೆಲದ ಮೇಲೆ ಕೂತು, ಯಾರೂ ಹೇಳದೆ ಅವರ ಕಾಲನ್ನು ತಮ್ಮ ಮಡಿಲಿಗೆ ತೆಗೆದುಕೊಂಡು ಊತ ನೋಡಿದರು. ಆಮೇಲೆ ಸೀದಾ ಹೇಳಿಬಿಟ್ಟರು.

"ಇದು ಬರೆದದ್ದು ನಾನು. ಇದು ನಿಮ್ಮ ಊರಲ್ಲ ಅಮ್ಮ. ಇಂಗ್ಲೆಂಡು. ಇವರು ಬೇರೆ ಚಿತ್ರ ಹಾಕಿದ್ದಾರೆ."

ಅಂಕಲ್ ಗೋಡೆಯ ಕಡೆ ತಿರುಗಿದರು.

"ಗೊತ್ತುಂಟು" ಎಂದರು ಅಜ್ಜಿ.

"ಎಂತ ಗೊತ್ತುಂಟು?"

"ಮನೆಯ ಮಾಡಿಗೆ ಕಲ್ಲು ಹೊದಿಸ್ತಾರೆ ಅಂತ ಬರೆದಿದ್ದೀ. ನಮ್ಮಲ್ಲಿ ಮಾಡಿಗೆ ಹಂಚು. ಅದಕ್ಕೂ ಮೊದಲು ಮುಳಿಹುಲ್ಲು. ಮನೆಯ ಮೇಲೆ ಕಲ್ಲು ಇಟ್ಕೊಂಡು ಯಾರು ಮಲಗ್ತಾರೆ?"

"ಮತ್ತೆ ನನ್ನ ಹತ್ತಿರ ಯಾಕೆ ಹೇಳ್ಲಿಲ್ಲ ಅಮ್ಮ?" ಅಂಕಲ್ ಸ್ವರ ಕೀರಲಾಗಿತ್ತು.

"ನೀನು ಹತ್ತಿರ ಕೂತು ಓದ್ತಾ ಇದ್ದೆಯಲ್ಲ. ನಿಲ್ಲಿಸುವುದು ಯಾಕೆ ಅಂತ ಸುಮ್ಮನಿದ್ದೆ." ಅಜ್ಜಿ ಆಂಟಿಯ ಕಡೆ ಬಗ್ಗಿದರು. "ಆ ತಮ್ಮನಿಗೆ ಆಮೇಲೆ ಮದುವೆ ಆಯ್ತಾ?"

"ಆಯ್ತು. ಇಬ್ಬರು ಮಕ್ಕಳು."

"ನನ್ನ ಅಪ್ಪನಿಗೆ ಹೆಬ್ಬೆರಳು ಹೋದದ್ದು" ಎಂದು ಅಜ್ಜಿ ತಮ್ಮ ಎಡಗೈ ಚಾಚಿ ತೋರಿಸಿದರು. "ಇವನು ಬರೆದಿಟ್ಟಿದ್ದಾನಾ? ಇಲ್ಲ. ಕೇಳ್ಲೂ ಇಲ್ಲ. ಅವರ ಬೆರಳು ಅವರಿಗೆ ಇರ್ಲಿ. ಎಲ್ಲಿ, ಅಂಟಿಸು."

ಆಂಟಿ ಅಂಟಿಸಲಿಲ್ಲ. ಗೋಂದನ್ನೂ ಚೀಟಿಯನ್ನೂ ಅಂಕಲ್ ಕೈಗೆ ಕೊಟ್ಟರು. ಅವರು ತುಂಬ ಹೊತ್ತು ತೆಗೆದುಕೊಂಡು, ಓರೆಯಾಗಿ ಅಂಟಿಸಿದರು. "ಇನ್ನು ನಿಮ್ಮ ಅಜ್ಜನ ಹೆಬ್ಬೆರಳನ್ನು ನೀವು ಬರೀರಿ" ಎಂದರು ಆಂಟಿ. "ಅಮ್ಮ ಹೇಳ್ತಾರೆ. ಟೈಪ್ ಮಾಡ್ಲಿಕ್ಕೆ ಬಾರದಿದ್ರೆ ಇವಳನ್ನು ಕರೀರಿ." ಅವತ್ತು ಕಾಫಿ ಕುಡಿದೆವು, ಊಟವನ್ನೂ ಮಾಡಿದೆವು. ಹೊರಡುವಾಗ ಆಂಟಿ ಬೆಂಕಿಗೂಡಿನ ಕಲ್ಲು ತಟ್ಟಲಿಲ್ಲ. ಮರೆತರೋ ಬೇಕೆಂದೇ ಬಿಟ್ಟರೋ ನಾನು ಕೇಳಲಿಲ್ಲ.

ಈ ವರ್ಷ ಫೆಬ್ರವರಿಯಲ್ಲಿ ಆಂಟಿ ತೀರಿಕೊಂಡರು. ನಿದ್ದೆಯಲ್ಲಿ, ಯಾರಿಗೂ ಕೆಲಸ ಕೊಡದೆ. ಎರಡು ವಾರ ಬಿಟ್ಟು ಸಂಪಾದಕರು ಫೋನ್ ಮಾಡಿದರು. ನಿಜವಾಗಿಯೂ ದುಃಖವಾಗಿತ್ತು ಅವರಿಗೆ, ಸ್ವರದಲ್ಲೇ ತಿಳಿಯುತ್ತಿತ್ತು. ಶ್ರದ್ಧಾಂಜಲಿಯಾಗಿ ಆಂಟಿಯ ಆ ಲೇಖನವನ್ನು ಮತ್ತೆ ಹಾಕುತ್ತೇವೆ ಎಂದರು.

"ಪೀಠಿಕೆ, ಹಿಮದ ಪ್ಯಾರಾ ಎರಡೂ ಬರ್ಬೇಕು ಸರ್. ಚಿತ್ರ ಬೇಡ" ಎಂದೆ.

"ಪೀಠಿಕೆ ಹಾಕೋಣ. ಹಿಮ ಬೇಕಾಮ್ಮಾ? ಶ್ರದ್ಧಾಂಜಲಿ ಪುಟದಲ್ಲಿ ಟೆಕ್ನಿಕಲ್ ಆಗಿಬಿಡುತ್ತೆ. ಸ್ವಲ್ಪ ಎಮೋಷನಲ್ ಆಗಿರ್ಲಿ. ಎರಡು ಪುಟ ಅಷ್ಟೇ ಇರೋದು."

"ಹಾಗಾದ್ರೆ ಹಿಮ ಮಾತ್ರ ಹಾಕಿ."

ಅವರು ನಿಟ್ಟುಸಿರು ಬಿಟ್ಟರು. ನೀನೂ ಅವರ ಹಾಗೇ ಆದೆ ಎಂದರು. ಅದನ್ನು ಬೈಗುಳವೆಂದು ಹೇಳಿದರು, ನಾನು ದಿನಾಂಕ ಹಾಕಿ ಡೈರಿಯಲ್ಲಿ ಬರೆದುಕೊಂಡೆ. ಲೇಖನವನ್ನು ಕೊಡಲಿಲ್ಲ.

ಆದ್ದರಿಂದ ಇದನ್ನು ಬೇರೆ ಕಡೆಗೆ ಕಳಿಸುತ್ತಿದ್ದೇನೆ. ಅಚ್ಚು ಹಾಕುವವರಲ್ಲಿ ಒಂದೇ ವಿನಂತಿ. ಬರಹ ಉದ್ದವಾಯಿತೆಂದು ಕಂಡರೆ ನಾನು ಬರೆದದ್ದರಲ್ಲಿ ಯಾವುದನ್ನು ಬೇಕಾದರೂ ಕತ್ತರಿಸಿ. ಕೆಳಗಿನದು ಆಂಟಿಯದು; ಅದರಲ್ಲಿ ಒಂದಕ್ಷರವನ್ನೂ ಮುಟ್ಟಬೇಡಿ.

"ಕಲ್ಲನ್ನು ಚಳಿಗಾಲಕ್ಕೆ ಮೊದಲೇ ಮೇಲೆ ತಂದು ಪಾದ್ರಿಗದ್ದೆಯಲ್ಲಿ ಸಾಲಾಗಿ ಮಲಗಿಸುತ್ತಿದ್ದರು. ಅದನ್ನು ಸೀಳುವುದು ಉಳಿಯಲ್ಲ, ಹಿಮ. ಕಲ್ಲಿನೊಳಗಿನ ನೀರು ಹೆಪ್ಪುಗಟ್ಟಿ ಉಬ್ಬಿದಾಗ ಪದರಗಳು ಸಡಿಲವಾಗುತ್ತವೆ. ಆಮೇಲೆ ಸುತ್ತಿಗೆಯಿಂದ ಅಂಚಿಗೆ ಮೆಲ್ಲಗೆ ತಟ್ಟಿದರೆ ಸಾಕು, ಹಾಳೆಹಾಳೆಯಾಗಿ ಬಿಟ್ಟುಕೊಳ್ಳುತ್ತದೆ. ಹಿಮ ಯಾವಾಗ ಬೀಳುತ್ತದೆಂದು ಯಾರಿಗೂ ಗೊತ್ತಿಲ್ಲ. ಅದು ಬರುವ ತನಕ ಕಲ್ಲು ಒದ್ದೆಯಾಗಿರಬೇಕು. ಒಮ್ಮೆ ಒಣಗಿದ ಕಲ್ಲು ಆಮೇಲೆ ಎಂಥ ಚಳಿಗೂ ಬಾಯಿ ಬಿಡುವುದಿಲ್ಲ. ಆದುದರಿಂದ ಮನೆಯ ಹೆಂಗಸರು ಮಕ್ಕಳೆಲ್ಲ ಬಕೆಟ್ಟುಗಳಲ್ಲಿ ನೀರು ಹೊತ್ತು ತಂದು ಕಲ್ಲಿಗೆ ಹೊಯ್ಯುತ್ತಿದ್ದರು. ಕೆಲವು ವರ್ಷ ಹಿಮ ಬೀಳುತ್ತಲೇ ಇರಲಿಲ್ಲ ಎಂದು ಹೊಸಮನೆ ಅಜ್ಜ ಹೇಳಿದರು. ಆ ವರ್ಷಗಳಲ್ಲಿ ಏನು ಮಾಡುತ್ತಿದ್ದಿರಿ ಎಂದು ಕೇಳಿದೆ. ನೀರು ಹೊಯ್ಯುತ್ತಿದ್ದೆವು ಎಂದರು."